ಹದಿನೇಳನೆಯ ಚೀಲದ ಮಣ್ಣು

ಮಸ್ಕತ್ತಿನ ಒಂದು ಆಸ್ಪತ್ರೆಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು ನಾನು. ಬಂದ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಒಂದು ದಿನವೂ ಸಹಿ ಹಾಕಿದವನಲ್ಲ. ಮೇಲೆ ಹತ್ತಿ ಎಂದು ಬರೆದಿದ್ದರೆ ಒಳಗಿರುವುದು ಹತ್ತಿಯೇ ಹೌದೋ ಅಲ್ಲವೋ ಎಂದು ಕೈಹಾಕಿ ನೋಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಕೆಲಸ ಮುಗಿಯಿತು, ಚಾಳಿ ಉಳಿಯಿತು. ಊರಿಗೆ ಬಂದ ಮೇಲೆ ಹೆಂಡತಿ ಸಂತೆಯಿಂದ ತಂದ ಬೆಲ್ಲವನ್ನೂ ಮೂಸಿಯೇ ಅಡುಗೆ ಮನೆಗೆ ಬಿಡುತ್ತಿದ್ದೆ.

"ನನ್ನ ನೋಡಾಕ ಬಂದಾಗನೂ ಹಿಂಗ ಮೂಸಿದ್ರೇನ್ರಿ?" ಎಂದು ಅವಳು ಒಮ್ಮೆ ಕೇಳಿದ್ದಳು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಪರದೇಶದಲ್ಲೇ ನಿವೃತ್ತನಾಗಿ, ಹೆಂಡತಿಯ ತವರಾದ ಕೊಟ್ಟೂರಿನಲ್ಲಿ ಮನೆ ಮಾಡಿದೆ. ನನ್ನ ಹುಟ್ಟೂರು ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು, ಹಗರಿಬೊಮ್ಮನಹಳ್ಳಿ ಕಡೆ. ಸಾಮಾನಿನ ಜೊತೆ ಹಡಗಿನಲ್ಲಿ ಒಂದು ವಿಚಿತ್ರ ವಸ್ತುವೂ ಬಂತು. ಕರೆಂಟಿನಿಂದ ತಿರುಗುವ ತಿಗರಿ, ಅಂದರೆ ಕುಂಬಾರರ ಚಕ್ರ.

ಮಸ್ಕತ್ತಿನಲ್ಲಿ ಕಡೆಯ ಮೂರು ವರ್ಷ ರಜೆಯ ದಿನ ಸಂಜೆ ಹೊತ್ತು ಹೋಗಲೆಂದು ಒಂದು ಕ್ಲಬ್ಬಿನಲ್ಲಿ ಗಡಿಗೆ ಮಾಡುವುದನ್ನು ಕಲಿತಿದ್ದೆ. ಅಲ್ಲಿ ಮಣ್ಣು ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತಿತ್ತು, ಮೇಲೆ ನಂಬರು ಹಾಕಿಕೊಂಡು. ಕಲಿಸುತ್ತಿದ್ದ ಹಿರಿಯ ಹೆಂಗಸು ನನ್ನ ಕೈ ನೋಡಿ, ನಿನಗೆ ಇದು ಮೊದಲೇ ಗೊತ್ತಿರುವ ಹಾಗಿದೆ ಎಂದಳು. ಸುಮ್ಮನೆ ನಕ್ಕೆ. ನನ್ನ ಅಪ್ಪ ಕುಂಬಾರ ಎಂದು ಅವಳಿಗೆ ಹೇಳಲಿಲ್ಲ. ಅವಳಿಗೇ ಏನು, ಅಷ್ಟು ವರ್ಷದಲ್ಲಿ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ನಮ್ಮದು ರೈತರ ಮನೆ ಎನ್ನುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆದರೆ ಅವಳು ಹೇಳಿದ್ದು ಸುಳ್ಳು. ನನ್ನ ಕೈಗೆ ಏನೂ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ತಿಗರಿಯ ಹತ್ತಿರ ಸೇರಿಸುತ್ತಿರಲಿಲ್ಲ. ಓದುವ ಮಗನ ಕೈಗೆ ಮಣ್ಣು ಹತ್ತಬಾರದು ಅನ್ನುವುದು ಅವನ ಹಟ. ಹತ್ತಲೂ ಇಲ್ಲ. ಅಪ್ಪನ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದರೆ ಏಳುತ್ತಿದ್ದ ಸದ್ದು ಮಾತ್ರ ಕಿವಿಯಲ್ಲಿತ್ತು. ಈ ವಯಸ್ಸಿನಲ್ಲಿ ನನಗೆ ಬೇಕಾಗಿದ್ದದ್ದು ಅದು. ಸಾಯುವುದರೊಳಗೆ ಆ ಮಣ್ಣಿನಲ್ಲಿ, ಆ ಸದ್ದಿನ ಗಡಿಗೆ ಒಂದಾದರೂ ನನ್ನ ಕೈಯಿಂದ ಆಗಬೇಕು.

ಊರಿನಲ್ಲಿ, ಅಪ್ಪನ ಮನೆಯಲ್ಲೇ ಅಕ್ಕ ಇದ್ದಳು. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಪ್ಪ ಅವ್ವನನ್ನು ನೋಡಿಕೊಂಡವಳು. ಅವಳನ್ನು ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ನಮ್ಮಿಬ್ಬರ ನಡುವೆ ಮಾತು ಮುರಿದು ಹತ್ತು ವರ್ಷದ ಮೇಲಾಗಿತ್ತು.

ಅಪ್ಪ ಹೋದಾಗ ನನಗೆ ರಜೆ ಸಿಕ್ಕಿರಲಿಲ್ಲ. ಇಪ್ಪತ್ತನೆಯ ದಿನಕ್ಕೆ ಊರು ಮುಟ್ಟಿದೆ. ಮನೆಯೊಳಗೆ ಕಾಲಿಟ್ಟರೆ ತಿಗರಿ ಇದ್ದ ಜಾಗ ಖಾಲಿ. ಅಕ್ಕ ಅಳುತ್ತಾ ಎದುರಿಗೆ ಬಂದಳು. ನಾನು ಉಗ್ರಾಣದ ಮನುಷ್ಯ, ಮೊದಲು ಕಂಡದ್ದು ಏನು ಕಡಿಮೆಯಾಗಿದೆ ಅನ್ನುವುದು. "ಅಪ್ಪನ ತಿಗರಿ ಯಾರಿಗೆ ಮಾರಿದಿ?" ಎಂದುಬಿಟ್ಟೆ. ಅವಳ ಅಳು ಅಲ್ಲಿಗೇ ನಿಂತಿತು. ಉತ್ತರ ಕೊಡಲಿಲ್ಲ. ಉತ್ತರ ಕೊಡದವರು ತಪ್ಪು ಮಾಡಿದವರು ಎಂದು ನನ್ನ ಲೆಕ್ಕ. ಆಮೇಲೆ ಯುಗಾದಿಗೊಂದು ದೀಪಾವಳಿಗೊಂದು ಕಾಗದ ಹೋಗುತ್ತಿತ್ತು. ಅದನ್ನೂ ನಾನು ಬರೆಯುತ್ತಿರಲಿಲ್ಲ, ಹೆಂಡತಿ ಬರೆಯುತ್ತಿದ್ದಳು.

ಹಾಗಾಗಿ ಒಂದು ಹಳೆಯ ಮಾರುತಿ ಕಾರು, ಒಂದು ಸಲಿಕೆ, ಒಂದಷ್ಟು ಗೊಬ್ಬರದ ಚೀಲ ಇಟ್ಟುಕೊಂಡು ನಾನೇ ಮಣ್ಣು ಹುಡುಕಲು ಹೊರಟೆ. ತಂದ ಪ್ರತಿ ಚೀಲಕ್ಕೂ ನಂಬರು, ಊರು, ಷರಾ ಬರೆದು ಚೀಟಿ ಅಂಟಿಸುತ್ತಿದ್ದೆ. ಕೂಡ್ಲಿಗಿಯ ಹತ್ತಿರ ಒಂದು ಇಟ್ಟಿಗೆ ಭಟ್ಟಿಯವನು ಕೇಳಿದ ಕೂಡಲೇ ನಗುತ್ತಾ ಎರಡು ಚೀಲ ತುಂಬಿಸಿಕೊಟ್ಟ. ಅಷ್ಟು ಸುಲಭಕ್ಕೆ ಕೊಟ್ಟದ್ದರಲ್ಲಿ ಏನೋ ಇದೆ ಅಂದುಕೊಂಡು ಚೀಟಿಯ ಮೇಲೆ 'ಸಂಶಯ' ಎಂದು ಬರೆದೆ. ಬಟ್ಟಲು ಮಾಡಿದರೆ ಬುಡ ಬಿಟ್ಟುಕೊಂಡಿತು. ಇಟ್ಟಿಗಿ ಎಂಬ ಊರಿನ ಎರೆ ಹೊಲದ ಕಪ್ಪು ಮಣ್ಣು ತಿಗರಿಯ ಮೇಲೆ ಬೆಣ್ಣೆಯ ಹಾಗೆ ಎದ್ದು, ಮರುದಿನಕ್ಕೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ನೀಲಗುಂದದ ಕೆರೆಯಂಗಳದ್ದು ಒಣಗಿದ ಮೇಲೆ ಮೈತುಂಬ ಬಿಳಿ ಉಪ್ಪು ಕಾರಿತು.

ಹರಪನಹಳ್ಳಿಯಲ್ಲಿ ಒಬ್ಬ ಕುಂಬಾರ ಇನ್ನೂ ಹಳೆಯ ತಿಗರಿ ತಿರುಗಿಸುತ್ತಾನೆಂದು ಕೇಳಿ ಹೋದೆ. ಅವನು ಕೋಲಿನಿಂದ ಚಕ್ರ ತಿರುಗಿಸುತ್ತಲೇ ನನ್ನ ಬೂಟು ನೋಡಿದ.

"ಮಣ್ಣು ಏನ್ ಮಾಡ್ತೀರಿ?"

"ಸುಮ್ನ, ಹವ್ಯಾಸಕ್ಕ ಗಡಿಗಿ ಮಾಡಾಕ್ರಿ."

"ಹವ್ಯಾಸಕ್ಕೆ ಗಡಿಗೆ ಮಾಡೋರನ್ನ ಇವತ್ತೇ ನೋಡಿದ್ದು ನೋಡ್ರಿ. ನಾವು ಹೊಟ್ಟೆಗೆ ಮಾಡಿ ಮಾಡೀನೇ ಸಾಕಾಗೈತಿ."

"ಈ ಮಣ್ಣು ಎಲ್ಲಿಂದ ತರ್ತೀರಿ?"

"ನನಗೇನ್ ಗೊತ್ತು?" ಎಂದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಮೂವತ್ತು ವರ್ಷದಿಂದ ಗಡಿಗೆ ಮಾಡುವವನಿಗೆ ಮಣ್ಣು ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲವಂತೆ! ನನ್ನನ್ನು ಏನೆಂದುಕೊಂಡಿದ್ದ? ಪುಣ್ಯಕ್ಕೆ ಎಂಬಂತೆ ಒಂದು ಉಂಡೆ ಕೊಟ್ಟು ಕಳಿಸಿದ. ಅದು ಚೆನ್ನಾಗಿಯೇ ಇತ್ತು. ಆದರೂ 'ಒಳ್ಳೆಯದು ಬಚ್ಚಿಟ್ಟಿದ್ದಾನೆ' ಎಂದು ಷರಾ ಬರೆದೆ. ಹಡಗಲಿಯ ಹತ್ತಿರ ಇನ್ನೊಬ್ಬ ಕುಂಬಾರನನ್ನು ಕೇಳಿದರೆ ಅವನೂ ಅದೇ ಮಾತು, ನನಗ ಗೊತ್ತಿಲ್ರಿ. ಇವರೆಲ್ಲ ಸೇರಿ ಮಾತಾಡಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಹದಿನಾರು ಚೀಲವಾಯಿತು. ಹಿಂದಿನ ಕೋಣೆ ತುಂಬಿ ಹೋಯಿತು.

"ಪರದೇಶಕ್ಕ ಹೋದೋರು ಬಂಗಾರ ತರ್ತಾರ. ನೀವು ಇಲ್ಲಿಗೆ ಬಂದು ಮಣ್ಣು ತುಂಬಾಕತ್ತೀರಿ" ಎಂದು ಹೆಂಡತಿ ದಿನಾ ಬೆಳಿಗ್ಗೆ ಕಸ ಹೊಡೆಯುವಾಗ ಒಂದು ಸಲ ಹೇಳುತ್ತಿದ್ದಳು.

ಕೂಡ್ಲಿಗಿ ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ಊರ ಕೆರೆ. ನೀರು ಹಿಂದೆ ಸರಿದು ಕಪ್ಪು ಮಣ್ಣು ಬಿಟ್ಟುಕೊಂಡಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಕಾರು ನಿಲ್ಲಿಸಿ, ಕುಕ್ಕರುಗಾಲಲ್ಲಿ ಕೂತು, ಒಂದು ಚೂರು ಮಣ್ಣನ್ನು ನಾಲಗೆಗೆ ಹಚ್ಚಿ ನೋಡಿದೆ. ಹಾಗೆ ಮಾಡುವುದನ್ನು ಚಿಕ್ಕಂದಿನಲ್ಲಿ ಮನೆಯಲ್ಲಿ ನೋಡಿದ ನೆನಪಿತ್ತು. ಅಪ್ಪನೇ ಇರಬೇಕು ಅಂದುಕೊಂಡಿದ್ದೆ.

ತಲೆ ಎತ್ತಿದರೆ ಸುತ್ತ ಆರೇಳು ಮಂದಿ ನಿಂತಿದ್ದರು.

"ಯಾವ ಕಂಪನಿ ರಿ?" ಎಂದ ಅವರಲ್ಲೊಬ್ಬ.

ಅದು ಅದಿರಿನ ಕಾಲ. ಸಂಡೂರಿನ ಕಡೆ ಲಾರಿಗಳು ಹಗಲೂ ರಾತ್ರಿ ಕೆಂಪು ಧೂಳು ಎಬ್ಬಿಸುತ್ತಿದ್ದವು. ಯಾರು ಎಲ್ಲಿ ಒಂದು ಹಿಡಿ ಮಣ್ಣು ಎತ್ತಿದರೂ ಅದು ಗಣಿಯವರ ಕೆಲಸವೆಂದು ಜನ ಬೆಚ್ಚುತ್ತಿದ್ದರು.

"ಯಾವ ಕಂಪನೀನೂ ಅಲ್ರಿ. ಗಡಿಗಿ ಮಾಡಾಕ ಮಣ್ಣು ನೋಡಾಕ ಬಂದೀನಿ."

"ಗಡಿಗಿ ಮಾಡಾಕ ಕಾರಿನಾಗ ಬರ್ತಾರೇನ್ರಿ? ಹೋದ ವರ್ಷನೂ ಒಬ್ಬಾತ ಔಷಧದ ಗಿಡ ನೋಡಾಕ ಬಂದೀನಿ ಅಂದ. ಆಮ್ಯಾಲೆ ಪಕ್ಕದೂರಿನ ಗುಡ್ಡಕ್ಕ ಮಷೀನ್ ಬಂತು."

"ತಿಂದು ನೋಡಾಕತ್ತಿದ್ದ, ನಾ ಕಣ್ಣಾರೆ ಕಂಡೀನಿ" ಎಂದ ಇನ್ನೊಬ್ಬ. "ರುಚಿ ಮ್ಯಾಲ ಹೇಳ್ತಾರಂತ ಅವರು, ಅದಿರು ಎಷ್ಟೈತಿ ಅಂತ."

ಜೀವನಪೂರ್ತಿ ಬೇರೆಯವರ ಪೆಟ್ಟಿಗೆ ಬಿಚ್ಚಿದವನು ಆವತ್ತು ನಾನೇ ಪೆಟ್ಟಿಗೆಯಾಗಿದ್ದೆ. ಸಿಟ್ಟು ಬಂತು, ಹೆದರಿಕೆಯೂ ಆಯಿತು. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ, "ನಾನು ಕುಂಬಾರರ ಮಗ ರಿ!" ಎಂದು ಕೂಗಿಬಿಟ್ಟೆ. ಊರು ಬಿಟ್ಟ ನಲವತ್ತು ವರ್ಷದಲ್ಲಿ ಆ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಡು ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕಿ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಳ್ಳು ಹೇಳ್ತಾನ ಇಂವ. ಕುಂಬಾರರ ಮನ್ಯಾಗ ಗಂಡಸು ಮಣ್ಣಿಗೆ ಬರ್ತಾನೇನು? ಮಣ್ಣು ಹೆಣ್ಮಕ್ಕಳ ಕೆಲಸ. ತಿಗರಿ ಗಂಡಸರದ್ದು. ನಮ್ಮೂರ ಕುಂಬಾರ ಮುದುಕ ಸಾಯೋ ತನಕ ಗಡಿಗಿ ಮಾಡಿದ, ಈ ಕೆರ‍್ಯಾಗ ಎಲ್ಲಿ ಅಗಿತಾರ ಅಂತ ಅವಗ ಗೊತ್ತಿರಲಿಲ್ಲ. ಕುಂಬಾರರ ಮಗ ಆಗಿದ್ರ ಇಷ್ಟೂ ಗೊತ್ತಿರತಿದ್ದಿಲ್ಲೇನು?"

ಅವರು ನನ್ನ ಚೀಲವನ್ನು ಅಲ್ಲೇ ಬೋರಲು ಹಾಕಿ, ಕಾರಿನ ಡಿಕ್ಕಿ ತೆಗೆಸಿ ನೋಡಿ, ಇನ್ನೊಮ್ಮೆ ಈ ಕಡೆ ಕಾಣಬ್ಯಾಡ ಎಂದು ಕಳಿಸಿದರು. ನನಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಹೆದ್ದಾರಿಗೆ ಬಂದು ಕಾರು ಪಕ್ಕಕ್ಕೆ ನಿಲ್ಲಿಸಿ ಕೂತುಬಿಟ್ಟೆ.

ನಾನು ಪಾಟಿಚೀಲ ಹಿಡಿದು ಶಾಲೆಗೆ ಹೊರಟಾಗ ಅವ್ವ ಮತ್ತು ಅಕ್ಕ ಬುಟ್ಟಿ ಹೊತ್ತು ಎದುರಿಗೆ ಬರುತ್ತಿದ್ದರು. ಮೊಣಕಾಲ ತನಕ ಕೆಸರು. ಅವರು ಎಲ್ಲಿಂದ ಬರುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಹರಪನಹಳ್ಳಿಯವನು ನಿಜವನ್ನೇ ಹೇಳಿದ್ದ, ಹಡಗಲಿಯವನೂ. ಮಣ್ಣನ್ನು ನಾಲಗೆಗೆ ಹಚ್ಚಿ ನೋಡುತ್ತಿದ್ದವಳು ಅವ್ವ. ಅವಳ ಪಕ್ಕದಲ್ಲಿ ಕೂತು ತಾನೂ ನಾಲಗೆ ಚಾಚುತ್ತಿದ್ದವಳು ಅಕ್ಕ. ಅವ್ವ ಹೋಗಿ ಬಹಳ ವರ್ಷವಾಗಿತ್ತು. ಅಪ್ಪನ ಗಡಿಗೆಯ ಮಣ್ಣು ಎಲ್ಲಿದೆ ಎಂದು ಈಗ ಭೂಮಿಯ ಮೇಲೆ ಗೊತ್ತಿದ್ದವಳು ಒಬ್ಬಳೇ. ನಾನು ಕಳ್ಳಿಯ ಹಾಗೆ ವಿಚಾರಿಸಿದವಳು.

ಮರುದಿನ ಊರಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಹುಣಸೆ ಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲಿಲ್ಲ.

"ಮನಿ ನೋಡಾಕ ಬಂದಿ?" ಎಂದಳು.

"ಇಲ್ಲಕ್ಕ. ನಿನ್ನ ನೋಡಾಕ."

"ಪಾಲು ಬೇಕಾಗೇತೇನು? ಯಾವ ಕಾಗದಕ್ಕೂ ನಾ ಕೈ ಹಚ್ಚಂಗಿಲ್ಲ ನೋಡು, ಮೊದಲ ಹೇಳತೀನಿ."

"ಮನಿ ನನಗ ಬ್ಯಾಡ. ಮಣ್ಣು ಬೇಕು. ನೀನೂ ಅವ್ವನೂ ತರ್ತಿದ್ರಲ್ಲ, ಅದು."

ಅವಳ ಕೈ ನಿಂತಿತು. "ಯಾವ ಮಣ್ಣು? ಹಿತ್ತಲದ್ದೇನು? ಹಿತ್ತಲದಾಗ ಏನರ ಐತಿ ಅಂತ ಯಾರರ ಹೇಳ್ಯಾರೇನು ನಿನಗ?"

ನಮ್ಮಿಬ್ಬರದೂ ಒಂದೇ ರಕ್ತ, ಅದರಲ್ಲಿ ಮಾತ್ರ ಸಂಶಯವಿಲ್ಲ. ಆ ದಿನ ಅವಳು ಚಹಾ ಕೊಟ್ಟಳು, ಮಣ್ಣಿನ ಮಾತು ಎತ್ತಲಿಲ್ಲ. ಎಂಟು ದಿನ ಬಿಟ್ಟು ಮತ್ತೆ ಹೋದೆ. ಆಗ ನನ್ನ ಬೂಟು ಬಿಚ್ಚಿಸಿದಳು. ತಾನೇ ಬುಟ್ಟಿ ಹಿಡಿದು ಮುಂದೆ ನಡೆದಳು.

ಎಲ್ಲಿ ಎಂದು ಬಾಯಲ್ಲಿ ಹೇಳುವ ಪದ್ಧತಿ ಇಲ್ಲವಂತೆ, ನಡೆದು ತೋರಿಸಬೇಕಂತೆ. ಕೆರೆಯ ತೂಬಿನ ಕೆಳಗೆ ಒಂದು ಕಡೆ ಸಲಿಕೆ ಹಾಕಿಸಿದಳು. ಮೇಲಿನ ಮೊಣಕೈ ಆಳದಷ್ಟು ಮಣ್ಣು ತೆಗೆದು ಎಸೆಯಲು ಹೇಳಿ, ಕೆಳಗಿನದ್ದನ್ನು ಒಂದು ಚೂರು ನನ್ನ ನಾಲಗೆಗೆ ಹಚ್ಚಿದಳು.

"ಹೆಂಗೈತಿ?"

"ಛಲೋ ಐತಿ."

ಅವಳೂ ನೋಡಿ ಥೂ ಎಂದು ಉಗುಳಿದಳು. "ಉಪ್ಪೈತಿ. ಸತ್ತು ಹೋಗೇತಿ ನಿನ್ನ ನಾಲಿಗಿ." ಮತ್ತೆ ಹತ್ತು ಮಾರು ಆಚೆ ಅಗೆಸಿದಳು. ಅಲ್ಲಿ ಬಂದ ಮೊದಲ ಹಿಡಿಯನ್ನು ಗುಂಡಿಗೇ ವಾಪಸ್ಸು ಹಾಕಿ ಕೈ ಮುಗಿದಳು. ಆಮೇಲೆ ಗುಡ್ಡದ ಹಿಂದಿನ ಹಳ್ಳಕ್ಕೆ ಹೋಗಿ ಅರಿಸಿನ ಬಣ್ಣದ ಇನ್ನೊಂದು ಮಣ್ಣು ತಂದೆವು. ಅಪ್ಪನ ಗಡಿಗೆಯ ಮಣ್ಣು ಒಂದಲ್ಲ, ಎರಡು. ಮನೆಯಂಗಳದಲ್ಲಿ ಅವಳು ಎರಡನ್ನೂ ಬೆರೆಸುತ್ತಾ ಕೂತಳು. ಇದರದ್ದು ಒಂದು ಹಿಡಿ ಹಾಕುವಳು, ಅದರದ್ದು ಅರ್ಧ ತೆಗೆಯುವಳು.

"ಎಷ್ಟಕ್ಕ ಎಷ್ಟು, ಅಕ್ಕ?"

"ಹಂಗೆಲ್ಲ ಇಲ್ಲ. ಕೈಗೆ ಗೊತ್ತಾಗತೈತಿ."

ಕೊಟ್ಟೂರಿಗೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಅಳತೆ ಯಾಕೆ ಹೇಳಲಿಲ್ಲ? ತಿಗರಿಯ ಮಾತಿಗೂ ಆವತ್ತು ಹೀಗೇ ಬಾಯಿ ಮುಚ್ಚಿದ್ದಳಲ್ಲ? ಮನೆಗೆ ಬಂದವನೇ, ಕೈ ಸಹ ತೊಳೆಯದೆ, ಚೀಟಿ ಬರೆದು ಅಂಟಿಸಿದೆ. '೧೭. ಅಕ್ಕ ಕೊಟ್ಟದ್ದು. ಅಳತೆ ಹೇಳಲಿಲ್ಲ. ಸಂಶಯ.'

ಆ ಮಣ್ಣನ್ನು ಸೋಸಿ, ನೆನೆಹಾಕಿ, ತುಳಿದು ಹದ ಮಾಡಿದೆ. ತಿಗರಿಯ ಮೇಲೆ ಅದು ನನ್ನ ಮಾತು ಕೇಳಿತು. ನೆರಳಲ್ಲಿ ಒಂದು ವಾರ ಒಣಗಿತು, ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಹಿತ್ತಿಲಲ್ಲಿ ಕುಳ್ಳು ಪೇರಿಸಿ, ಹೊಟ್ಟು ಸುರಿದು ಸುಟ್ಟೆ. ಬೂದಿ ಕೆದರಿ ಸಣ್ಣ ಗಡಿಗೆಯನ್ನು ಹೊರಗೆ ತೆಗೆದು ಬೆರಳ ಗೆಣ್ಣಿನಿಂದ ಬಡಿದೆ. ಅದೇ ಸದ್ದು. ಬೂದಿಯಲ್ಲೇ ಕೂತು ಅತ್ತೆ. ಅಪ್ಪ ಸತ್ತಾಗ ಅಳದಿದ್ದ ಅಳು ಅದು.

"ನೀವ ಹೋಗಿ ಕರ್ಕೊಂಡ್ ಬರ್ರಿ ಅಕ್ಕಾರನ್ನ" ಎಂದಳು ಹೆಂಡತಿ.

ಅಕ್ಕ ನಮ್ಮ ಮನೆಗೆ ಅದೇ ಮೊದಲು ಬಂದದ್ದು. ಹೊಸ ಸೀರೆ ಉಟ್ಟಿದ್ದಳು. ಗಡಿಗೆಯನ್ನು ಕೈಯಲ್ಲಿ ತಿರುಗಿಸಿ, ಬಡಿದು, ಬಾಯಂಚಿಗೆ ಬೆರಳಾಡಿಸಿ, "ತುಟಿ ದಪ್ಪ ಆಗೇತಿ. ಆದ್ರ ನಮ್ಮನಿದ ಐತಿ" ಎಂದಳು. ನನಗೆ ಮಸ್ಕತ್ತಿನ ಯಾವ ಸರ್ಟಿಫಿಕೇಟೂ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಕರೆಂಟಿನ ತಿಗರಿ ತೋರಿಸುತ್ತೇನೆ ಬಾ ಎಂದು ಕೈಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ.

ನಾನು ಬಗ್ಗಿ ಪ್ಲಗ್ಗು ಸಿಕ್ಕಿಸುತ್ತಿದ್ದೆ. ಬೆನ್ನ ಹಿಂದೆ ಒಂದು ದನಿ ಕೇಳಿಸಿತು. ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಓದುವ ದನಿ.

"ಅ... ಕ್ಕ... ಕೊ... ಟ್ಟ... ದ್ದು."

ತಿರುಗಿ ನೋಡಿದೆ. ಅಕ್ಕ ಹದಿನೇಳನೆಯ ಚೀಲದ ಮುಂದೆ ಬಗ್ಗಿ ನಿಂತಿದ್ದಳು, ಬೆರಳು ಚೀಟಿಯ ಮೇಲಿತ್ತು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಹೆಂಡತಿ ನಿಂತಲ್ಲೇ ನಿಂತಳು.

"ಅ... ಳ... ತೆ ಹೇ... ಳ... ಲಿಲ್ಲ. ಸಂ... ಶ... ಯ." ಮುಗಿಸಿ ನೆಟ್ಟಗಾದಳು.

ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ನಿನಗ... ಓದಾಕ ಬರತೈತಿ?" ಎಂದೆ.

"ಅಪ್ಪ ಹೋದ ಮ್ಯಾಲ ಊರಿಗೆ ಸಾಕ್ಷರತಾ ಕ್ಲಾಸು ಬಂದಿತ್ತು. ಎಲ್ಲಾರೂ ಸಹಿ ಮಾಡಾಕ ಕಲ್ತು ಬಿಟ್ರು. ನಾ ಬಿಡಲಿಲ್ಲ. ನಿನ್ನ ಕಾಗದ ಮಾಸ್ತರ ಕಡೆ ಓದಿಸಬೇಕಿತ್ತು. ಅವರು ಪೂರಾ ಓದ್ತಾರೋ, ನಡುವ ಬಿಡ್ತಾರೋ ಅಂತ ನನಗ..." ಚೀಟಿಯ ಕಡೆ ನೋಡಿದಳು. "ಇದ ಇತ್ತು, ನೀ ಬರೆದದ್ದು. ಸಂಶಯ."

ಮೊದಲೇ ಬರೆದದ್ದು ಅಕ್ಕ, ತೆಗೆಯೋದು ಮರೆತೆ ಅಕ್ಕ, ಎಲ್ಲಾ ಚೀಲಕ್ಕೂ ಹೀಗೇ ಬರೆದೀನಿ ನೋಡು ಎಂದೆಲ್ಲ ಏನೇನೋ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತಿಗರಿಯ ಮುಂದೆ ಕೂತಳು. "ಎಲ್ಲಿ ಒತ್ತಬೇಕು?" ಎಂದಳು. ತೋರಿಸಿದೆ. ಒಂದು ಉಂಡೆ ಮಣ್ಣನ್ನು ನಡುವೆ ಹೊಡೆದು, ಎರಡು ಕೈಯಿಂದ ಹಿಡಿದಳು. ಒಂದೇ ಸಲಕ್ಕೆ ಉಂಡೆ ಅಲುಗದೆ ನಿಂತಿತು. ಅದನ್ನು ಕಲಿಯಲು ನನಗೆ ಮಸ್ಕತ್ತಿನಲ್ಲಿ ಆರು ತಿಂಗಳು ಹಿಡಿದಿತ್ತು.

ತಿಗರಿಯನ್ನು ನಮ್ಮಲ್ಲಿ ಹೆಣ್ಣುಮಕ್ಕಳು ಮುಟ್ಟುವ ಹಾಗಿಲ್ಲ. ನೋಡುತ್ತಾ ನಿಂತೆ. ಅವಳು ಕೈಯಿಂದ ಕಣ್ಣು ತೆಗೆಯದೆ ಮಾತಾಡಿದಳು.

"ಅಪ್ಪಗ ಕಡೀ ಮೂರು ವರ್ಷ ಬಲಗೈ ಎತ್ತಾಕ ಬರ್ತಿದ್ದಿಲ್ಲ. ನಿನಗ ತಿಳಿಸಬ್ಯಾಡ ಅಂದಿದ್ದ. ಬಾಗಿಲ ಹಾಕ್ಕೊಂಡು ನಾ ಮಾಡ್ತಿದ್ದೆ. ಅಂವ ಪಕ್ಕದಾಗ ಕುಂತು ಕೆಮ್ಮತಿದ್ದ, ತಾನ ಮಾಡಾಕತ್ತೀನಿ ಅಂತ ಹೊರಗಿನೋರಿಗೆ ಅನ್ನಸಲಿ ಅಂತ. ಹೆಣ್ಣು ತಿರುಗಿಸಿದ ತಿಗರಿದು ಅಂತ ಗೊತ್ತಾಗಿದ್ರ ಆ ಗಡಿಗಿ ಯಾರು ಒಯ್ತಿದ್ರು?"

ಗಡಿಗೆಯ ಹೊಟ್ಟೆ ಎದ್ದಿತು.

"ಸಾಯೋ ಮುಂದ ಅಂದ, ಇದು ಮನ್ಯಾಗಿದ್ರ ನಿನ್ನ ಕೈ ಸುಮ್ನಿರಂಗಿಲ್ಲ, ಊರಿಗೆ ಗೊತ್ತಾಗತೈತಿ, ಒಡದು ಒಲಿಗೆ ಹಾಕು ಅಂತ. ಹಾಕಿದೆ. ಅಂವನ ದಿನದ ಅಡಿಗಿ ಅದರ ಕಟ್ಟಿಗ್ಯಾಗ ಆತು. ಆಮ್ಯಾಲ ನೀ ಬಂದಿ. ಯಾರಿಗೆ ಮಾರಿದಿ ಅಂದಿ."

"ಹೇಳಬಹುದಿತ್ತಲ್ಲ ಅಕ್ಕ."

"ನಂಬತಿದ್ದೇನು?"

ಇಲ್ಲ. ನಂಬುತ್ತಿರಲಿಲ್ಲ. ಬೂದಿ ತೋರಿಸು ಅನ್ನುತ್ತಿದ್ದೆ. ನನಗೆ ಗೊತ್ತಿದ್ದದ್ದು ಅವಳಿಗೂ ಗೊತ್ತಿತ್ತು.

ಚೀಟಿಯನ್ನು ಕಿತ್ತು ಹರಿದು ಹಾಕಲು ಹೋದೆ. ಅವಳು ಕೆಸರುಗೈಯಲ್ಲೇ ನನ್ನ ಕೈ ತಡೆದಳು. ಗಡಿಗೆಯನ್ನು ಬಿಟ್ಟು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಚೀಟಿಯನ್ನು ಅಂಚಿನಿಂದ ನಿಧಾನಕ್ಕೆ ಬಿಡಿಸಿದಳು. ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚೀಲದೊಳಗೆ ಹಾಕಿಕೊಂಡಳು.

"ಯಾಕಕ್ಕ? ಕೊಡು, ಹರದು ಹಾಕತೀನಿ" ಎಂದೆ.

"ಕಾಗದ ಓದಾಕ ಬಂದ ಮ್ಯಾಲ ಗೊತ್ತಾತು ನನಗ, ಅವೆಲ್ಲ ಈಕಿ ಬರೆದದ್ದು ಅಂತ" ಎಂದು ಬಾಗಿಲಲ್ಲಿದ್ದ ಹೆಂಡತಿಯ ಕಡೆ ಮುಖ ತೋರಿಸಿದಳು. "ಒಂದೊಂದನ್ನೂ ತಿರುವಿ ತಿರುವಿ ನೋಡೀನಿ, ಮೂಲ್ಯಾಗರ ನೀ ಏನರ ಬರದೀಯೇನು ಅಂತ. ನಿನ್ನ ಅಕ್ಷರ ಹೆಂಗಿರತೈತಿ ಅಂತ ಇವತ್ತ ಕಂಡೀನಿ. ನನ್ನ ಹತ್ರ ಇದೊಂದ ಐತಿ, ಇರಲಿ ಬಿಡು."